ನೇಪಾಳದ ಬಾಲಗೃಹಕ್ಕೆ ಮೊದಲ ಭೇಟಿ: ಹೊರಡುವ ಮುನ್ನದಿಂದ ಮರಳಿದ ನಂತರದವರೆಗೆ

ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ಕರ್ನಾಟಕ ಮೂಲದವರೆಂಬ ಅಭಿಮಾನದಿಂದಲೋ, ಒಮ್ಮೆಯಾದರೂ ಮುಕ್ತಿನಾಥನ ದರ್ಶನವಾಗಲಿ ಎಂಬ ಹಿರಿಯರ ಹಂಬಲದಿಂದಲೋ ನಮ್ಮ ಊರುಗಳಿಂದ ನೇಪಾಳಕ್ಕೆ ಹೋಗುವವರು ಬಹಳ ಮಂದಿ. ಹುಟ್ಟುಹಬ್ಬಕ್ಕೆ, ತಿಥಿಗೆ, ಷಷ್ಟ್ಯಬ್ದಿಗೆ ಅನಾಥಾಲಯದಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇರುವುದರಿಂದ, ಯಾತ್ರೆಗೆ ಹೋದ ಕಡೆಯಲ್ಲಿಯೂ ಅಂಥದ್ದೊಂದು ಪುಣ್ಯಕಾರ್ಯ ನಡೆಯಲಿ ಎಂದು ಬಯಸುವುದು ಸಹಜ. ಪ್ರವಾಸ ಏರ್ಪಡಿಸುವವರೂ ಇದನ್ನು ಬಲ್ಲರು. ದರ್ಶನ ಮತ್ತು ರುದ್ರಾಕ್ಷಿ ಖರೀದಿಯ ನಡುವೆ ಒಂದು ಗಂಟೆ ಬಿಡುವು ಮಾಡಿ, ‘ಮಕ್ಕಳ ಆಶ್ರಮ’ವೊಂದಕ್ಕೆ ಕರೆದೊಯ್ಯಲು ಅವರು ಸಿದ್ಧರಿರುತ್ತಾರೆ.

ನಾನು ಮೊದಲ ಬಾರಿ ಹೋದದ್ದೂ ಹಾಗೆಯೇ. ಸಿಹಿತಿಂಡಿಯ ಡಬ್ಬಗಳನ್ನು ಹಿಡಿದು ಹದಿನೆಂಟು ಜನ ಒಳಗೆ ಹೋದೆವು. ಮಕ್ಕಳು ಸಾಲಾಗಿ ನಿಂತು ಹಾಡಿದರು. ಸುಮಾರು ಆರು ವರ್ಷದ ಒಬ್ಬ ಹುಡುಗಿ ನೇರವಾಗಿ ಬಂದು ನನ್ನ ಕಿರುಬೆರಳನ್ನು ಹಿಡಿದುಕೊಂಡು ನಾವಿದ್ದಷ್ಟು ಹೊತ್ತೂ ಬಿಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ನಾವು ಹೊರಡುವ ಹೊತ್ತಿಗೆ ಇನ್ನೊಂದು ತಂಡದ ವ್ಯಾನು ಅಂಗಳಕ್ಕೆ ಬಂದು ನಿಂತಿತು. ಅವಳು ನನ್ನ ಬೆರಳನ್ನು ಬಿಟ್ಟು ಓಡಿಹೋಗಿ, ವ್ಯಾನಿನಿಂದ ಇಳಿದ ಹೆಂಗಸೊಬ್ಬರ ಕಿರುಬೆರಳನ್ನು ಅದೇ ರೀತಿಯಲ್ಲಿ ಹಿಡಿದುಕೊಂಡಳು. ಆ ಹೆಂಗಸಿನ ಕಣ್ಣೂ ತುಂಬಿ ಬಂದುದನ್ನು ನಾನು ನಮ್ಮ ಬಸ್ಸಿನ ಕಿಟಕಿಯಿಂದ ಕಂಡೆ. ಈ ಮಾರ್ಗದರ್ಶಿಯಲ್ಲಿರುವುದೆಲ್ಲ ಆ ಕಿಟಕಿಯ ಪಕ್ಕದಲ್ಲಿ ಕುಳಿತಾಗ ಎದ್ದ ಪ್ರಶ್ನೆಗಳಿಂದ ಹುಟ್ಟಿದ್ದು.

ಹಂತ 1: ಹೋಗಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿ

ನೇಪಾಳದ ಬಾಲಗೃಹಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದಾರೆ. ಇದು ತಿಳಿಯದೆ ಉಳಿದ ಯಾವುದೂ ಅರ್ಥವಾಗುವುದಿಲ್ಲ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಂಘರ್ಷದ ಕಾಲದಲ್ಲಿ ಹುಮ್ಲಾದಂತಹ ದೂರದ ಗುಡ್ಡಗಾಡು ಜಿಲ್ಲೆಗಳ ಹಳ್ಳಿಗಳಿಗೆ ದಲ್ಲಾಳಿಗಳು ಹೋಗಿ, ಪಟ್ಟಣದಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಮಾತು ಕೊಟ್ಟು, ಎಷ್ಟೋ ವೇಳೆ ಆ ಬಡ ತಂದೆತಾಯಿಯರಿಂದಲೇ ಹಣ ಪಡೆದು ಮಕ್ಕಳನ್ನು ಕರೆತಂದರು. ಆಮೇಲೆ ತಂದೆತಾಯಿ ತೀರಿಕೊಂಡಿದ್ದಾರೆಂದು ಸುಳ್ಳು ಕಾಗದಪತ್ರಗಳನ್ನು ಮಾಡಿಸಿ ಆ ಮಕ್ಕಳನ್ನು ‘ಅನಾಥ’ರನ್ನಾಗಿಸಿದರು. 2015ರ ಏಪ್ರಿಲ್ 25ರ ಭೂಕಂಪದ ನಂತರ ಇದೇ ದಂಧೆ ಮತ್ತೆ ತಲೆ ಎತ್ತೀತೆಂಬ ಭಯದಿಂದ, ಪೋಷಕರು ಜೊತೆಗಿಲ್ಲದ ಮಕ್ಕಳನ್ನು ಅನುಮತಿಯಿಲ್ಲದೆ ಜಿಲ್ಲೆಯಿಂದ ಹೊರಗೆ ಸಾಗಿಸುವುದನ್ನು ಅಲ್ಲಿನ ಸರ್ಕಾರ ತಡೆಯಬೇಕಾಯಿತು.

ಬಾಲಗೃಹಗಳು ಎಲ್ಲಿವೆ ಎಂಬುದನ್ನು ಗಮನಿಸಿದರೂ ವಿಷಯ ಸ್ಪಷ್ಟವಾಗುತ್ತದೆ. ದೇಶದಲ್ಲಿ 77 ಜಿಲ್ಲೆಗಳಿದ್ದರೂ ಬಹುಪಾಲು ಬಾಲಗೃಹಗಳು ಕಠ್ಮಂಡು, ಲಲಿತ್‌ಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ ಮತ್ತು ಚಿತವನ ಜಿಲ್ಲೆಗಳಲ್ಲಿವೆ. ಬಡತನ ಹೆಚ್ಚಾಗಿರುವ ಜಿಲ್ಲೆಗಳು ಇವಲ್ಲ, ಪ್ರವಾಸಿಗರು ಹೆಚ್ಚಾಗಿ ಬರುವ ಜಿಲ್ಲೆಗಳು. ನಮ್ಮ ಭೇಟಿ, ನಮ್ಮ ಕಾಣಿಕೆ, ನಮ್ಮ ಕಣ್ಣೀರು ಇವೆಲ್ಲವೂ ಮಕ್ಕಳನ್ನು ಹಳ್ಳಿಯಿಂದ ಎಬ್ಬಿಸಿ ತರುವುದಕ್ಕೆ ಕಾರಣವಾಗಬಲ್ಲವು ಎಂಬುದು ಒಪ್ಪಿಕೊಳ್ಳಲು ಕಷ್ಟವಾದ ಸತ್ಯ. ಜಗತ್ತು ಇದನ್ನು ಈಗ ಗುರುತಿಸಿದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯವು, ಅನಾಥಾಲಯಗಳಲ್ಲಿ ಪ್ರವಾಸಿಗರು ಸ್ವಯಂಸೇವೆ ಮಾಡುವ ರೂಢಿಯಿಂದ ಮಕ್ಕಳಿಗಾಗುವ ಹಾನಿಯನ್ನು ಹೆಸರಿಸಿಯೇ ಹೇಳಿತು.

ಆದ್ದರಿಂದ, ದರ್ಶನ ಮುಗಿದ ಮೇಲೆ ಒಂದು ಗಂಟೆ ಬಿಡುವಿದೆ ಎಂಬುದಷ್ಟೇ ನಿಮ್ಮ ಕಾರಣವಾಗಿದ್ದರೆ ಹೋಗಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಆ ಹಣವನ್ನು ಹೇಗೆ ಬಳಸಬಹುದೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ನೀವು ಕೆಲವು ವರ್ಷಗಳಿಂದ ಒಂದು ಸಂಸ್ಥೆಗೆ ನೆರವು ನೀಡುತ್ತಿದ್ದು ಲೆಕ್ಕಪತ್ರ ನೋಡಲು ಹೋಗಬೇಕಾಗಿದ್ದರೆ, ವೈದ್ಯರೋ ದಂತವೈದ್ಯರೋ ಆಗಿದ್ದು ಸಂಸ್ಥೆಯೇ ನಿಮ್ಮನ್ನು ಕರೆದಿದ್ದರೆ, ನೀವು ಕೆಲಸ ಮಾಡುವ ಕಂಪನಿಯ ಸಾಮಾಜಿಕ ನೆರವಿನ ತಂಡದ ಪರವಾಗಿ ಹೋಗುತ್ತಿದ್ದರೆ, ಭೇಟಿಗೆ ಅರ್ಥವಿದೆ. ಮುಂದಿನ ಹಂತಗಳು ಅಂಥವರಿಗಾಗಿ.

ಹಂತ 2: ಸಂಸ್ಥೆಯನ್ನು ದೂರದಿಂದಲೇ ಪರೀಕ್ಷಿಸಿ

ಇದಕ್ಕೆ ಕನಿಷ್ಠ ಎರಡು ತಿಂಗಳ ಸಮಯ ಇಟ್ಟುಕೊಳ್ಳಿ. ನೇಪಾಳದಲ್ಲಿ ಬಾಲಗೃಹಗಳ ಮೇಲ್ವಿಚಾರಣೆಯಲ್ಲಿ ರಾಷ್ಟ್ರೀಯ ಬಾಲ ಅಧಿಕಾರ (ಅಂದರೆ ಮಕ್ಕಳ ಹಕ್ಕುಗಳ) ಪರಿಷತ್ತಿಗೆ ಮುಖ್ಯ ಪಾತ್ರವಿದೆ. ವಿದೇಶಿ ನೆರವು ಪಡೆಯುವ ಸಂಘಸಂಸ್ಥೆಗಳು ಸಮಾಜ ಕಲ್ಯಾಣ ಪರಿಷತ್ತಿನೊಂದಿಗೆ ಸಂಬಂಧ ಹೊಂದಿರಬೇಕು. ನೋಂದಣಿ ಪತ್ರದ ಪ್ರತಿಯನ್ನೂ, ಅದು ಕೊನೆಯದಾಗಿ ನವೀಕರಣವಾದ ದಿನಾಂಕವನ್ನೂ ಬರಹದಲ್ಲಿ ಕೇಳಿ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ವಿಕ್ರಮ ಸಂವತ್ಸರದ ವರ್ಷ ಇರುತ್ತದೆ. ಅದು ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದಿರುವುದರಿಂದ, 2075 ಎಂದಿದ್ದರೆ ಅದು 2018ರ ಏಪ್ರಿಲ್ ಮಧ್ಯದಿಂದ 2019ರ ಏಪ್ರಿಲ್ ಮಧ್ಯದವರೆಗಿನ ಅವಧಿ ಎಂದು ತಿಳಿಯಬೇಕು. ಇದು ಗೊತ್ತಿಲ್ಲದೆ, ಅವಧಿ ಮುಗಿದ ಕಾಗದವನ್ನು ಇನ್ನೂ ಚಾಲ್ತಿಯಲ್ಲಿದೆ ಎಂದು ನಂಬಿಬಿಡುವ ಸಾಧ್ಯತೆ ಇದೆ.

ಕಾಗದಕ್ಕಿಂತ ಹೆಚ್ಚಾಗಿ ನಾನು ನಂಬುವುದು ಕೆಲವು ಪ್ರಶ್ನೆಗಳಿಗೆ ಬರುವ ಉತ್ತರಗಳನ್ನು. ಮಕ್ಕಳಲ್ಲಿ ಎಷ್ಟು ಮಂದಿಗೆ ತಂದೆ, ತಾಯಿ ಅಥವಾ ಹತ್ತಿರದ ಬಂಧುಗಳು ಇದ್ದಾರೆ? ಕಳೆದ ಎರಡು ವರ್ಷಗಳಲ್ಲಿ ಎಷ್ಟು ಮಕ್ಕಳು ಮನೆಗೆ ಮರಳಿದರು, ಮರಳಿದವರನ್ನು ಯಾರು ಹೋಗಿ ನೋಡಿ ಬರುತ್ತಾರೆ? ದಶೈಂ ಹಬ್ಬದಲ್ಲಿ ಮಕ್ಕಳು ಎಲ್ಲಿರುತ್ತಾರೆ? ಈ ಕೊನೆಯ ಪ್ರಶ್ನೆ ಸಣ್ಣದೆಂದು ಕಂಡರೂ ಬಹಳ ಹೇಳುತ್ತದೆ. ನಮ್ಮ ನವರಾತ್ರಿಯ ಕಾಲಕ್ಕೇ ಬರುವ ದಶೈಂನಲ್ಲಿ ಹಿರಿಯರ ಕೈಯಿಂದ ಹಣೆಗೆ ಅಕ್ಕಿ-ಮೊಸರಿನ ಟೀಕಾ ಇಡಿಸಿಕೊಳ್ಳಲು ನೇಪಾಳಿಗರು ಎಷ್ಟೇ ದೂರದಿಂದಲಾದರೂ ಮನೆಗೆ ಹೋಗುತ್ತಾರೆ. ಬಂಧುಗಳಿರುವ ಮಗುವನ್ನು ಆ ಹಬ್ಬಕ್ಕೂ ಕಳಿಸದ ಸಂಸ್ಥೆ, ಕುಟುಂಬದ ನಂಟನ್ನು ಉಳಿಸಲು ಬಯಸುತ್ತದೆಯೇ ಎಂದು ಕೇಳಲೇಬೇಕಾಗುತ್ತದೆ. ನೇಪಾಳದ 2018ರ ಮಕ್ಕಳ ಕುರಿತ ಕಾಯ್ದೆಯಲ್ಲಿಯೂ ಪರ್ಯಾಯ ಪಾಲನೆಯ, ಅಂದರೆ ತಂದೆತಾಯಿಯ ಬದಲು ಬೇರೆಯವರು ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯ, ಕ್ರಮದಲ್ಲಿ ಬಂಧುಗಳು ಮೊದಲು ಬರುತ್ತಾರೆ, ಬಾಲಗೃಹ ಕೊನೆಗೆ ಬರುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. ನೀವು ಭೇಟಿ ಕೇಳಿದಾಗ ಸಂಸ್ಥೆ ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ‘ಯಾವಾಗ ಬೇಕಾದರೂ ಬನ್ನಿ, ಮಕ್ಕಳು ಕಾಯುತ್ತಿರುತ್ತಾರೆ’ ಎಂದರೆ ಹಿಂಜರಿಯಿರಿ. ಗುರುತಿನ ಪತ್ರ ಕೇಳಿ, ಪೊಲೀಸ್ ಪರಿಶೀಲನಾ ಪತ್ರ ಬೇಕೆಂದು ಹೇಳಿ, ಮಕ್ಕಳ ರಕ್ಷಣಾ ನಿಯಮಗಳಿಗೆ ಸಹಿ ಹಾಕಿಸಿಕೊಂಡು, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಕಚೇರಿಯಲ್ಲಿ ಮಾತನಾಡೋಣ ಎಂದರೆ ಬೇಸರಪಡಬೇಡಿ. ನಿಮ್ಮ ಮನೆಗೆ ಅಪರಿಚಿತರು ಬಂದು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ ನೀವೂ ಇಷ್ಟೇ ಎಚ್ಚರ ವಹಿಸುತ್ತೀರಿ. ಒಳಗೆ ಬಿಡಲು ಹಿಂದೆಮುಂದೆ ನೋಡುವ ಬಾಗಿಲೇ ಒಳ್ಳೆಯ ಬಾಗಿಲು ಎಂಬುದನ್ನು ನಾನು ತಡವಾಗಿ ಕಲಿತೆ.

ಹಂತ 3: ಪ್ರಯಾಣದ ಸಿದ್ಧತೆ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಆಧಾರ್ ಒಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿಯ ದರ ದಶಕಗಳಿಂದ ಸ್ಥಿರವಾಗಿದೆ. ಆದರೆ 100 ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ಭಾರತೀಯ ನೋಟುಗಳ ಕುರಿತ ನಿಯಮ ಆಗಾಗ ಬದಲಾಗಿರುವುದರಿಂದ ಹೊರಡುವ ವಾರದಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿರುತ್ತದೆ.

ದಿನಚರಿ ತಿಳಿದಿರುವುದು ಇನ್ನೂ ಮುಖ್ಯ. ನೇಪಾಳದಲ್ಲಿ ವಾರದ ರಜೆ ಬಹುಕಾಲದಿಂದ ಶನಿವಾರ. ಮಕ್ಕಳು ಬೆಳಿಗ್ಗೆ ಒಂಬತ್ತರ ಸುಮಾರಿಗೆ ದಾಲ್-ಭಾತ್ ಊಟ ಮಾಡಿಕೊಂಡೇ ಶಾಲೆಗೆ ಹೊರಡುತ್ತಾರೆ. ಮಧ್ಯಾಹ್ನ ‘ಖಾಜಾ’ ಎನ್ನುವ ಲಘು ತಿಂಡಿ, ಸಂಜೆ ಕತ್ತಲಾದ ಮೇಲೆ ಮತ್ತೆ ಊಟ. ನಮ್ಮ ರೂಢಿಯಂತೆ ಮಧ್ಯಾಹ್ನ ಒಂದು ಗಂಟೆಗೆ ಪಾಯಸದೊಂದಿಗೆ ಎಲೆ ಹಾಕಿಸಬೇಕೆಂದು ಹಟ ಹಿಡಿದರೆ, ಯಾರದೋ ಪುಣ್ಯಕ್ಕಾಗಿ ಆ ಮಕ್ಕಳು ಶಾಲೆ ತಪ್ಪಿಸಿಕೊಂಡು ಕುಳಿತಿರಬೇಕಾಗುತ್ತದೆ. ನಮ್ಮ ತಂಡ ಹೋದದ್ದು ಒಂದು ಬುಧವಾರ ಹನ್ನೊಂದು ಗಂಟೆಗೆ. ಮಕ್ಕಳೆಲ್ಲ ಮನೆಯಲ್ಲಿ ಏಕಿದ್ದಾರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಎರಡು ಅಥವಾ ಮೂರು ಜನಕ್ಕಿಂತ ಹೆಚ್ಚು ಹೋಗಬೇಡಿ. ನೆಗಡಿ, ಜ್ವರ, ಕೆಮ್ಮು ಇದ್ದರೆ ಭೇಟಿಯನ್ನು ಮುಂದೂಡಿ, ಏಕೆಂದರೆ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಲ್ಲಿ ಸೋಂಕು ಬೇಗ ಹರಡುತ್ತದೆ. ನಿಮ್ಮ ಮಕ್ಕಳನ್ನು ಜೊತೆಗೆ ಕರೆದೊಯ್ಯುವುದಾದರೆ, ಅಲ್ಲಿ ಯಾರಿಗೂ ‘ನಿನ್ನ ಅಮ್ಮ ಎಲ್ಲಿ’ ಎಂದು ಕೇಳಬಾರದೆಂದು ಮನೆಯಲ್ಲಿಯೇ ವಿವರಿಸಿ ಹೇಳಿ. ‘ನೋಡು, ನೀನು ಎಷ್ಟು ಅದೃಷ್ಟವಂತ’ ಎಂಬ ಪಾಠ ಕಲಿಸಲೆಂದು ಮಾತ್ರ ಕರೆದೊಯ್ಯಬೇಡಿ. ಆ ಮಾತು ಕೇಳಿಸಿದರೆ ಎದುರಿಗಿರುವ ಮಗುವಿಗೆ ಏನೆನಿಸೀತೆಂದು ಯೋಚಿಸಿ.

ಹಂತ 4: ಕೈಯಲ್ಲಿ ಏನು ಹಿಡಿದು ಹೋಗಬೇಕು

ಖಾಲಿ ಕೈಯಲ್ಲಿ ಹೋಗಬಾರದೆಂಬ ನಮ್ಮ ಸಂಸ್ಕಾರವನ್ನು ಬಿಡಬೇಕಿಲ್ಲ, ಆದರೆ ಏನು ಬೇಕೆಂದು ಮೊದಲೇ ಕೇಳಿ. ಎಲ್ಲರೂ ತರುವ ಬಿಸ್ಕತ್ತು, ಚಾಕೊಲೇಟು, ಬಳಪದ ಡಬ್ಬಗಳು ಅಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಚಳಿಗಾಲದ ಹೊದಿಕೆ, ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡು, ಅಡುಗೆ ಅನಿಲದ ಒಂದು ತಿಂಗಳ ಖರ್ಚು ಇಂಥವನ್ನು ಯಾರೂ ನೆನೆಯುವುದಿಲ್ಲ. ಸಾಧ್ಯವಾದಷ್ಟನ್ನು ಅಲ್ಲಿನ ಅಂಗಡಿಯಲ್ಲಿಯೇ ಕೊಳ್ಳಿ, ಕೊಂಡದ್ದನ್ನು ಕಚೇರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಒಂದು ಮಗುವಿಗೆ ಮಾತ್ರ ಗುಟ್ಟಾಗಿ ಉಡುಗೊರೆ ಕೊಟ್ಟರೆ, ನೀವು ಹೋದ ಮೇಲೆ ಆ ಮಗು ಉಳಿದವರ ಮುನಿಸನ್ನು ಎದುರಿಸಬೇಕಾಗುತ್ತದೆ.

ಹಣವನ್ನು ವ್ಯಕ್ತಿಯ ಕೈಗೆ ಕೊಡದೆ ಸಂಸ್ಥೆಯ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಭಾರತದ ಆದಾಯ ತೆರಿಗೆ ವಿನಾಯಿತಿ ನಮ್ಮಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ ಸಿಗುತ್ತದೆ ಎಂಬುದು ನೆನಪಿರಲಿ.

ಹಂತ 5: ಭೇಟಿಯ ದಿನ

ಮೊದಲು ಕಚೇರಿಗೆ ಹೋಗಿ, ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಯಿರಿ. ಪುಸ್ತಕವೇ ಇಲ್ಲದಿದ್ದರೆ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಮೊಬೈಲನ್ನು ಚೀಲದೊಳಗೆ ಇಡಿ. ಮಕ್ಕಳ ಮುಖ ಕಾಣುವ ಚಿತ್ರ ತೆಗೆಯುವುದಾಗಲಿ, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವುದಾಗಲಿ ಬೇಡ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಮಾಧ್ಯಮಗಳಲ್ಲಿ ಬಯಲಾಗುವುದನ್ನು ಶಿಕ್ಷಾರ್ಹ ಅಪರಾಧವೆಂದು ಹೇಳುತ್ತದೆ. ಗಡಿ ದಾಟಿದೊಡನೆ ಆ ಮರ್ಯಾದೆಯನ್ನು ಮರೆಯಲು ಕಾರಣವಿಲ್ಲ.

ಮಕ್ಕಳು ಎದುರಾದರೆ ನಮಸ್ತೆ ಎನ್ನಿ. ಅವರು ನಿಮ್ಮನ್ನು ದಾಯಿ, ದಿದಿ, ಅಂದರೆ ಅಣ್ಣ, ಅಕ್ಕ ಎಂದು ಕರೆಯಬಹುದು. ಅನೇಕ ಮಕ್ಕಳಿಗೆ ಹಿಂದಿ ಅರ್ಥವಾಗುವುದರಿಂದ ಮಾತಿಗೆ ತೊಂದರೆಯಾಗದು. ಆದರೆ ಆ ಅನುಕೂಲವನ್ನು ಬಳಸಿ ಅವರ ಹಿಂದಿನ ಕಥೆಯನ್ನು ಕೆದಕಬೇಡಿ. ಯಾವ ಊರು, ಅಪ್ಪ ಏನಾದರು, ಇಲ್ಲಿಗೆ ಹೇಗೆ ಬಂದೆ ಎಂಬ ಪ್ರಶ್ನೆಗಳನ್ನು ಆ ಮಗು ಪ್ರತಿ ಸಂದರ್ಶಕರಿಂದಲೂ ಕೇಳಿರುತ್ತದೆ, ಕೆಲವೊಮ್ಮೆ ಉತ್ತರವನ್ನು ಯಾರೋ ಬಾಯಿಪಾಠ ಮಾಡಿಸಿರುತ್ತಾರೆ. ಇಂದು ಶಾಲೆಯಲ್ಲಿ ಏನು ಕಲಿತೆ, ಯಾವ ಆಟ ಇಷ್ಟ ಎಂದು ಕೇಳಿದರೆ ಸಾಕು.

ಬೆರಳು ಹಿಡಿದ ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ಅಪರಿಚಿತರನ್ನು ಕಂಡ ಕೂಡಲೇ ಮಗು ಓಡಿ ಬಂದು ಅಪ್ಪಿಕೊಂಡರೆ ನಾವು ಅದನ್ನು ಪ್ರೀತಿ ಎಂದುಕೊಳ್ಳುತ್ತೇವೆ. ತನ್ನವರ ಜೊತೆಯಲ್ಲಿ ಬೆಳೆಯುವ ಮಗು ಹೊಸಬರನ್ನು ಕಂಡಾಗ ಸಾಮಾನ್ಯವಾಗಿ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ಸ್ವಲ್ಪ ಹೊತ್ತಿನ ನಂತರ ಇಣುಕುತ್ತದೆ. ಆ ನಾಚಿಕೆಯ ಹಿಂದೆ, ತನ್ನವರು ಯಾರು, ಹೊರಗಿನವರು ಯಾರು ಎಂಬ ಖಚಿತ ಅರಿವಿದೆ. ಆರೈಕೆ ಮಾಡುವ ಕೈಗಳು ಮತ್ತೆ ಮತ್ತೆ ಬದಲಾಗುವ ಕಡೆ ಬೆಳೆದ ಮಕ್ಕಳಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ರೊಮೇನಿಯಾದ ಬುಕಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು 2000ದ ನಂತರ ವರ್ಷಗಳ ಕಾಲ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಲ್ಲಿ ಇರಿಸಿ, ಉಳಿದವರೊಂದಿಗೆ ಹೋಲಿಸಿ ನೋಡಿದ ವಿಜ್ಞಾನಿಗಳಿಗೆ ಕುಟುಂಬಕ್ಕೆ ಹೋದವರ ಬುದ್ಧಿಬೆಳವಣಿಗೆಯೂ, ಆರೈಕೆ ಮಾಡುವವರೊಂದಿಗಿನ ಬಾಂಧವ್ಯವೂ ಉತ್ತಮವಾಗಿರುವುದು ಕಂಡುಬಂತು. ಸಾಮಾನ್ಯವಾಗಿ, ಎರಡು ವರ್ಷ ತುಂಬುವುದರೊಳಗೆ ಹೋದ ಮಕ್ಕಳಿಗೆ ಹೆಚ್ಚು ಲಾಭವಾಯಿತು.

ಇದರ ಅರ್ಥ ಮಗು ಕೈ ಹಿಡಿದರೆ ಒದರಿಕೊಳ್ಳಬೇಕೆಂದಲ್ಲ. ಮೃದುವಾಗಿ ಮಾತನಾಡಿಸಿ, ಜೊತೆಗೆ ನಡೆದು, ಆ ಮಗುವನ್ನು ನಿತ್ಯವೂ ನೋಡಿಕೊಳ್ಳುವ ಆಮಾ, ಅಂದರೆ ಅಲ್ಲಿನ ತಾಯಿ, ಇರುವ ಕಡೆಗೆ ಕರೆದೊಯ್ಯಿರಿ. ಎತ್ತಿ ಮುದ್ದಾಡಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಮಗುವಿನೊಂದಿಗೆ ಒಬ್ಬರೇ ಕೋಣೆಯಲ್ಲಿ ಇರಬೇಡಿ, ಮಲಗುವ ಕೋಣೆಗೆ ಕರೆದರೂ ಹೋಗಬೇಡಿ. ‘ಮುಂದಿನ ವರ್ಷ ಮತ್ತೆ ಬರುತ್ತೇನೆ’ ಎಂದು ಎಂದೂ ಹೇಳಬೇಡಿ. ನಾವು ಮಾತಿಗೆ ಹೇಳುವ ಆ ವಾಕ್ಯವನ್ನು ಮಗು ನಂಬಿಕೊಂಡು ದಿನ ಎಣಿಸುತ್ತದೆ.

ನಿಮ್ಮ ಗಮನ ಹೆಚ್ಚಾಗಿ ದೊಡ್ಡವರ ಕಡೆಗಿರಲಿ. ಅಡುಗೆಯವರೊಂದಿಗೆ, ಆಮಾಗಳೊಂದಿಗೆ ಮಾತನಾಡಿ, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿ. ಏಳೆಂಟು ವರ್ಷಗಳಿಂದ ಅವರೇ ಇದ್ದರೆ ಅದು ಬಣ್ಣ ಬಳಿದ ಗೋಡೆಗಿಂತ ದೊಡ್ಡ ಯೋಗ್ಯತಾಪತ್ರ. ಪ್ರತಿ ಮಗುವಿನ ಹೆಸರಿನಲ್ಲಿ ಕಡತವಿದೆಯೇ, ಕುಟುಂಬದ ಶೋಧ ನಡೆದಿದೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ, ಆದರೆ ಕಡತವನ್ನು ತೆರೆದು ತೋರಿಸಲು ಒತ್ತಾಯಿಸಬೇಡಿ. ಕೇಳದೆಯೇ ನಿಮ್ಮ ಮುಂದೆ ಕಡತ ಬಿಚ್ಚಿಟ್ಟು ಮಗುವಿನ ದುಃಖದ ಕಥೆ ಹೇಳತೊಡಗಿದರೆ ಅದೂ ಒಳ್ಳೆಯ ಲಕ್ಷಣವಲ್ಲ. ಒಂದು ಗಂಟೆಯೊಳಗೆ ಹೊರಡಿ.

ಹಂತ 6: ಸರಿಯಿಲ್ಲವೆನಿಸಿದರೆ

ಶಾಲೆಯ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲಿರುವುದು, ಬಂದವರೆಲ್ಲರ ಮುಂದೆ ಕುಣಿಸಿ ಹಾಡಿಸುವುದು, ಹಿಂದೆ ಬಂದವರು ಕೊಟ್ಟ ವಸ್ತುಗಳು ಬಿಚ್ಚದೆ ಬಿದ್ದಿದ್ದರೂ ಮಕ್ಕಳ ಮೈಮೇಲೆ ಹರಕು ಬಟ್ಟೆ ಇರುವುದು, ನಿಮ್ಮೊಂದಿಗೆ ಮಗುವನ್ನು ಹೊರಗೆ ಸುತ್ತಾಡಿಸಿಕೊಂಡು ಬರಲು ಕಳಿಸುವುದು, ಮಕ್ಕಳ ಮೈಯಲ್ಲಿ ಗಾಯ ಅಥವಾ ಕಣ್ಣಲ್ಲಿ ಭಯ ಕಾಣುವುದು ಇವೆಲ್ಲ ಎಚ್ಚರಿಕೆಯ ಗುರುತುಗಳು. ಅಲ್ಲಿಯೇ ಜಗಳಕ್ಕೆ ನಿಲ್ಲಬೇಡಿ. ನೀವು ಹೊರಟ ಮೇಲೆ ಅದರ ಫಲ ಅನುಭವಿಸುವವರು ಮಕ್ಕಳು. ಯಾವ ಮಗುವಿಗೂ ‘ನಿನ್ನನ್ನು ಬಿಡಿಸುತ್ತೇನೆ’ ಎಂದು ಮಾತು ಕೊಡಬೇಡಿ. ಹೊರಬಂದು ದಿನಾಂಕ, ಸಮಯ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದಿಟ್ಟುಕೊಂಡು, 1098ಕ್ಕೆ ಕರೆ ಮಾಡಿ. ನಮ್ಮಲ್ಲಿರುವ ಮಕ್ಕಳ ಸಹಾಯವಾಣಿಯ ಸಂಖ್ಯೆಯೇ ನೇಪಾಳದಲ್ಲಿಯೂ ಇದೆ, ಆದ್ದರಿಂದ ಮರೆಯುವ ಭಯವಿಲ್ಲ. ನಾಪತ್ತೆಯಾದ ಮಕ್ಕಳ ವಿಷಯಕ್ಕೆ ಅಲ್ಲಿ 104 ಸಂಖ್ಯೆ ಇದೆ.

ನಮ್ಮ ತಂಡವನ್ನು ಕರೆದೊಯ್ದ ಜಾಗದಲ್ಲಿ ಈ ಗುರುತುಗಳಲ್ಲಿ ಮೂರು ಇದ್ದವು. ಅವು ಗುರುತುಗಳೆಂದು ಆಗ ನನಗೆ ತಿಳಿದಿರಲಿಲ್ಲ, ನಾನು ಯಾರಿಗೂ ಕರೆ ಮಾಡಲಿಲ್ಲ. ಅದರ ನೋವು ಈಗಲೂ ಇದೆ.

ಹಂತ 7: ಮರಳಿದ ಮೇಲೆ

ನೆರವನ್ನು ಮುಂದುವರಿಸುವುದಾದರೆ, ಹಣವು ಮಗುವನ್ನು ಬಾಲಗೃಹದಲ್ಲಿ ಇರಿಸುವುದಕ್ಕಿಂತ ಕುಟುಂಬದಲ್ಲಿ ಇರಿಸುವುದಕ್ಕೆ ಹೋಗುವಂತೆ ನೋಡಿಕೊಳ್ಳಿ. ಹಳ್ಳಿಯ ಶಾಲೆಯ ಶುಲ್ಕ, ವಿಧವೆ ತಾಯಿಗೆ ಒಂದು ಹೊಲಿಗೆ ಯಂತ್ರ ಅಥವಾ ಮೇಕೆಗಳು, ಮರಳಿದ ಮಗುವನ್ನು ನೋಡಿ ಬರಲು ಸಮಾಜ ಕಾರ್ಯಕರ್ತೆಯ ಬಸ್ಸಿನ ಖರ್ಚು ಇಂಥವಕ್ಕೆ ಹಣ ಬೇಕಾಗುತ್ತದೆ. ಹುಮ್ಲಾದಂತಹ ಕಡೆಗೆ ಒಂದು ಮಗುವನ್ನು ಮನೆಗೆ ತಲುಪಿಸುವುದೆಂದರೆ ಸಣ್ಣ ವಿಮಾನದ ಟಿಕೆಟ್ಟು, ಆಮೇಲೆ ಕಾಲ್ನಡಿಗೆ. ಇದಕ್ಕೆ ಚಿತ್ರವಿಲ್ಲ, ಹಾಡಿಲ್ಲ, ಕೃತಜ್ಞತೆಯ ಕಾರ್ಯಕ್ರಮವಿಲ್ಲ, ಹಾಗಾಗಿ ಕೊಡುವವರು ಕಡಿಮೆ. ಯಾತ್ರೆಯ ಗುಂಪಿನವರಿಗೆ ನಾನು ಮೊದಲು ಹೇಳಿದ ಬೇರೆ ದಾರಿಯೂ ಇದೇ: ಅನ್ನದಾನದ ಹಣವನ್ನು ಒಟ್ಟುಗೂಡಿಸಿ, ಭೇಟಿಯನ್ನು ಕೇಳದೆ, ಇಂಥ ಕೆಲಸ ಮಾಡುವ ನೋಂದಾಯಿತ ಸಂಸ್ಥೆಗೆ ತಲುಪಿಸಿ.

ವರ್ಷಕ್ಕೊಮ್ಮೆ ಸಂಸ್ಥೆಗೆ ಪತ್ರ ಬರೆದು ಲೆಕ್ಕವನ್ನೂ, ಮಕ್ಕಳ ಸಂಖ್ಯೆಯನ್ನೂ ಕೇಳಿ. ನಾನು ಈಗ ಸಂಪರ್ಕದಲ್ಲಿರುವ ಬಾಲಗೃಹದಲ್ಲಿ ನಾನು ಮೊದಲ ಪತ್ರ ಬರೆದ ವರ್ಷ 23 ಮಕ್ಕಳಿದ್ದರು. ಕಳೆದ ದಶೈಂಗೆ ಊರಿಗೆ ಹೋದವರಲ್ಲಿ ಇಬ್ಬರು ಅಲ್ಲಿಯೇ ಉಳಿದರೆಂದು, ಅವರ ಹಳ್ಳಿಯ ಶಾಲೆಯ ದಾಖಲಾತಿ ಮುಗಿದಿದೆಯೆಂದು ವ್ಯವಸ್ಥಾಪಕಿ ಬರೆದಿದ್ದಾರೆ. ಈಗ ಅಲ್ಲಿರುವವರು 14 ಮಂದಿ. ಮೇಲಿನ ಮಹಡಿಯ ಕೋಣೆಯೊಂದನ್ನು ಬೀಗ ಹಾಕಿ ಇಟ್ಟಿದ್ದಾರೆ, ಮುಂದಿನ ವರ್ಷದ ಬಾಡಿಗೆಗೆ ಸಣ್ಣ ಮನೆ ಹುಡುಕುತ್ತಿದ್ದಾರೆ.